ಮತದಾರನ ಜೋಳವಾಳಿ

ವಿದ್ಯಾವಂತರಿಗೆ ಪದೇ ಪದೇ ಆಶ್ಚರ್ಯವನ್ನುಂಟುಮಾಡುವ ಸಂಗತಿಗಳಲ್ಲಿ ಒಂದು, ಅಪವಾದಕ್ಕೆ ಗುರಿಯಾದ ಮುಖಂಡನನ್ನು ಜನರು ಕೈಬಿಡದಿರುವುದು. ನ್ಯಾಯಾಲಯ ತೀರ್ಪು ಕೊಟ್ಟಿರುತ್ತದೆ. ವಿಚಾರಣಾ ಆಯೋಗ ವರದಿ ಬರೆದಿರುತ್ತದೆ. ಪತ್ರಿಕೆಗಳು ತಿಂಗಳುಗಟ್ಟಲೆ ದೋಷಗಳ ಪಟ್ಟಿಯನ್ನು ಪ್ರಕಟಿಸಿರುತ್ತವೆ. ಇಷ್ಟೆಲ್ಲ ಆದಮೇಲೂ ಮತದಾನದ ದಿನ ಬಂದಾಗ ಹಳ್ಳಿಯ ರೈತನೂ ಕೂಲಿಯ ಹೆಂಗಸೂ ಬೆಳಗಿನ ಹೊತ್ತೇ ಹೊರಟು, ಸಾಲಿನಲ್ಲಿ ನಿಂತು, ಅದೇ ಹೆಸರಿಗೆ ಮತವಿತ್ತು ಬರುತ್ತಾರೆ. ಪಟ್ಟಣದ ವಾಚನಾಲಯದಲ್ಲಿ ಪತ್ರಿಕೆಯನ್ನು ಹಿಡಿದು ಕುಳಿತವರು, “ಈ ಜನಕ್ಕೆ ಬುದ್ಧಿ ಬರುವುದು ಯಾವಾಗ?” ಎಂದು ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನಲ್ಲಿ ಪ್ರಶ್ನೆಗಿಂತ ತೀರ್ಮಾನವೇ ಹೆಚ್ಚು. ಆದರೆ ಅದನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡು ವಿಚಾರಮಾಡುವುದು, ಪ್ರಜೆಯ ವಿವೇಕದಲ್ಲಿ ವಿಶ್ವಾಸವಿಟ್ಟವರೆಲ್ಲರ ಕರ್ತವ್ಯ. ಪ್ರಜೆಗೆ ವಿವೇಕವೇ ಇಲ್ಲವೆಂದು ಒಪ್ಪಿದ ಮೇಲೆ ಪ್ರಜಾಪ್ರಭುತ್ವಕ್ಕೆ ನಿಲ್ಲಲು ನೆಲೆ ಎಲ್ಲಿ?

ಇಂಥ ವಿಚಾರ ಬರಿಯ ತತ್ತ್ವದ ಮಾತಾಗಿ ಉಳಿದರೆ ಪ್ರಯೋಜನವಿಲ್ಲ. ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ನೋಡುವುದು ಲೇಸು. ಕನ್ನಡನಾಡಿನ ಮಟ್ಟಿಗೆ ೧೯೭೮ರ ಚಿಕ್ಕಮಗಳೂರು ಉಪಚುನಾವಣೆಗಿಂತ ಹೆಚ್ಚು ಸ್ಪಷ್ಟವಾದ ನಿದರ್ಶನ ಬೇರೊಂದು ದೊರೆಯುವುದು ಕಷ್ಟ. ಅದು ನಡೆದು ಬಹುಕಾಲವಾಯಿತು. ಅಂದಿನ ಪಕ್ಷಗಳ ಕಾವು ಆರಿದೆ. ಕಾವು ಆರಿದ ವಸ್ತುವನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಸಾಧ್ಯ.

ಪೂರ್ವಕಥೆಯನ್ನು ಸಂಕ್ಷೇಪವಾಗಿ ಜ್ಞಾಪಿಸಿಕೊಳ್ಳಬೇಕು. ೧೯೭೫ನೆಯ ಇಸವಿ ಜೂನ್ ೧೨ರಂದು ಅಲಹಾಬಾದಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ ಸಿನ್ಹಾ ಅವರು, ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ೧೯೭೧ರಲ್ಲಿ ರಾಯಬರೇಲಿಯಿಂದ ಪಡೆದಿದ್ದ ಆಯ್ಕೆಯನ್ನು ರದ್ದುಮಾಡಿದರು. ಅದೇ ತಿಂಗಳ ೨೫ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಿತವಾಯಿತು. ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ನವೆಂಬರಿನಲ್ಲಿ ಪ್ರಧಾನಿಯ ಆಯ್ಕೆಯನ್ನು ಎತ್ತಿಹಿಡಿಯಿತು. ಆದರೆ ಅಷ್ಟರಲ್ಲಿ ಚುನಾವಣೆಯ ಕಾನೂನೇ ತಿದ್ದುಪಡಿಯಾಗಿತ್ತು. ಇಪ್ಪತ್ತೊಂದು ತಿಂಗಳ ಕಾಲ ಪತ್ರಿಕೆಗಳ ಬಾಯಿ ಕಟ್ಟಿತ್ತು. ವಿರೋಧಪಕ್ಷದವರು ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದರು. ೧೯೭೭ರ ಮಾರ್ಚಿಯಲ್ಲಿ ಚುನಾವಣೆ ನಡೆದಾಗ ಉತ್ತರ ಹಿಂದೂಸ್ಥಾನವು ತನ್ನ ಕೋಪವನ್ನು ತೋರಿಸಿತು. ಉತ್ತರ ಪ್ರದೇಶದ ೮೫ ಸ್ಥಾನಗಳಲ್ಲಾಗಲಿ ಬಿಹಾರದ ೫೪ ಸ್ಥಾನಗಳಲ್ಲಾಗಲಿ ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ. ರಾಯಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿಯವರೇ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕದ ೨೮ ಸ್ಥಾನಗಳಲ್ಲಿ ೨೬ನ್ನು ಅವರ ಪಕ್ಷ ಗೆದ್ದಿತು. ಆಂಧ್ರದ ೪೨ರಲ್ಲಿ ೪೧ನ್ನು ಗೆದ್ದಿತು.

ಮುಂದಿನ ವರ್ಷದ ಆರಂಭದಲ್ಲಿ ಕಾಂಗ್ರೆಸ್ ಒಡೆಯಿತು. ಹಸು ಮತ್ತು ಕರುವಿನ ಹಳೆಯ ಗುರುತು ಹೋಗಿ ಹಸ್ತದ ಗುರುತು ಬಂದಿತು. ಗುರುತು ಬದಲಾದರೆ ಓದುಬಾರದ ಮತದಾರನು ದಾರಿತಪ್ಪುವನೆಂದು ಎಣಿಸಿದವರಿದ್ದರು. ಫೆಬ್ರವರಿಯಲ್ಲಿ ನಡೆದ ವಿಧಾನಸಭೆಯ ಚುನಾವಣೆಯಲ್ಲಿ ಕರ್ನಾಟಕದ ೨೨೪ ಸ್ಥಾನಗಳ ಪೈಕಿ ೧೪೯ ಹಸ್ತಕ್ಕೆ ಬಂದುವು. ಅದೇ ವರ್ಷದ ಮಾರ್ಚಿಯಿಂದ ಆಗಸ್ಟಿನವರೆಗೆ ನ್ಯಾಯಮೂರ್ತಿ ಷಾ ಅವರ ಆಯೋಗವು ತುರ್ತು ಪರಿಸ್ಥಿತಿಯ ಅತಿಕ್ರಮಗಳನ್ನು ಕುರಿತು ಮೂರು ವರದಿಗಳನ್ನು ಒಪ್ಪಿಸಿತು. ಆಪಾದನೆಗಳೆಲ್ಲ ಬೆಳಕಿಗೆ ಬಂದಾದ ಮೇಲೆ, ನವೆಂಬರಿನಲ್ಲಿ, ಶ್ರೀ ಡಿ. ಬಿ. ಚಂದ್ರೇಗೌಡರು ತೆರವುಮಾಡಿದ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿಯವರು ನಿಂತರು. ಎದುರಾಳಿ ಸಾಮಾನ್ಯರಲ್ಲ, ರಾಜ್ಯದ ಮುಖ್ಯಮಂತ್ರಿಗಳಾಗಿದ್ದು ಆಡಳಿತದಲ್ಲಿ ಒಳ್ಳೆಯ ಹೆಸರನ್ನು ಪಡೆದಿದ್ದ ಶ್ರೀ ವೀರೇಂದ್ರ ಪಾಟೀಲರು. ಅವರ ಪರವಾಗಿ ಕೇಂದ್ರದ ಮಂತ್ರಿ ಶ್ರೀ ಜಾರ್ಜ್ ಫರ್ನಾಂಡಿಸರು ಹಳ್ಳಿಹಳ್ಳಿ ತಿರುಗಿ ಪ್ರಚಾರಮಾಡಿದರು. ಫಲಿತಾಂಶ ಬಂದಾಗ ಇಂದಿರಾ ಗಾಂಧಿಯವರು ೭೭,೦೦೦ಕ್ಕೂ ಮಿಕ್ಕಿದ ಮತಗಳ ಅಂತರದಿಂದ ಗೆದ್ದಿದ್ದರು.

ಇದಕ್ಕೆ ಅಂದು ಹೇಳಲಾದ ಕಾರಣಗಳು ಮುಖ್ಯವಾಗಿ ಮೂರು: ಅಜ್ಞಾನ, ಹಣ, ಜಾತಿ. ಮೂರರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿರಬಹುದು. ಆದರೆ ಮೂರನ್ನು ಕೂಡಿಸಿದರೂ ಲೆಕ್ಕ ಸರಿಹೋಗುವುದಿಲ್ಲ. ಅಜ್ಞಾನವೇ ಕಾರಣವಾಗಿದ್ದರೆ, ಓದುಬರಹ ಅದಕ್ಕಿಂತ ಕಡಿಮೆಯಿದ್ದ ಬಿಹಾರದ ಮತದಾರನು ೧೯೭೭ರಲ್ಲಿ ಅದೇ ಪಕ್ಷವನ್ನು ಬೇರುಸಹಿತ ಕಿತ್ತದ್ದು ಹೇಗೆ? ಹಣವು ಒಂದು ಉಪಚುನಾವಣೆಯ ಗೆಲುವನ್ನು ವಿವರಿಸಬಹುದು. ಮೂರು ವರ್ಷಗಳ ಅವಧಿಯಲ್ಲಿ ಒಂದರ ಮೇಲೊಂದಾಗಿ ಬಂದ ನಾಲ್ಕು ಗೆಲುವುಗಳನ್ನು ವಿವರಿಸಲಾರದು. ಇನ್ನು ಜಾತಿಯ ಮಾತು. ಆ ಅಭ್ಯರ್ಥಿಗೆ ಆ ಜಿಲ್ಲೆಯಲ್ಲಿ ಜಾತಿಯ ಬಲವೂ ಇರಲಿಲ್ಲ, ನೆಂಟಸ್ತಿಕೆಯೂ ಇರಲಿಲ್ಲ, ಕನ್ನಡ ಭಾಷೆಯೂ ಬರುತ್ತಿರಲಿಲ್ಲ. ಆದಕಾರಣ ನಿಜವಾದ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

ಮೊದಲನೆಯ ಕಾರಣ ಅತ್ಯಂತ ಸರಳವಾದದ್ದು. ಅನ್ಯಾಯವು ಎಲ್ಲರಿಗೂ ಒಂದೇ ಸಮನಾಗಿ ಹಂಚಿಕೆಯಾಗುವುದಿಲ್ಲ. ೧೯೭೬–೭೭ರ ಒಂದೇ ವರ್ಷದಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದುವು. ಅವುಗಳಲ್ಲಿ ಬಲಾತ್ಕಾರದ ಕ್ರೌರ್ಯ ಬಹುಮಟ್ಟಿಗೆ ಉತ್ತರದ ಪ್ರಾಂತಗಳಲ್ಲಿ ತೋರಿಬಂದಿತು. ದಿಲ್ಲಿಯಲ್ಲಿ ಬಡವರ ಮನೆಗಳು ನೆಲಸಮವಾದುವು. ಅಲ್ಲಿಯ ಬಡವನಿಗೆ ತುರ್ತು ಪರಿಸ್ಥಿತಿಯೆಂದರೆ ಬಾಗಿಲಿಗೆ ಬಂದ ಪೋಲೀಸು. ಮಲೆನಾಡಿನ ಬಡವನಿಗೆ ಅದು ಆಕಾಶವಾಣಿಯಲ್ಲಿ ಕೇಳಿದ ಒಂದು ಮಾತು. ಕನ್ನಡನಾಡಿನಲ್ಲಿ ಸೆರೆಮನೆಗಳು ತುಂಬಿರಲಿಲ್ಲವೆಂದಲ್ಲ. ಶ್ರೀಗಳಾದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಅವರನ್ನು ಬಂಧಿಸಿ ಇಟ್ಟದ್ದು ಬೆಂಗಳೂರಿನಲ್ಲಿಯೇ. ‘ಸಂಸ್ಕಾರ’ ಚಲಚ್ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು ಆ ಊರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, ಹೊರಗೆ ಬಂದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ತೀರಿಕೊಂಡರು. ಆದರೆ ಸೆರೆ ಹೋದವರು ಹಳ್ಳಿಯ ಮತದಾರನ ಬಳಗದವರಾಗಿರಲಿಲ್ಲ. ತನ್ನ ಬೆನ್ನಿಗೆ ಬೀಳದ ಪೆಟ್ಟನ್ನು ಮನುಷ್ಯನು ಕೇಳಿ ತಿಳಿಯುತ್ತಾನೆಯೇ ಹೊರತು ಅನುಭವಿಸಿ ತಿಳಿಯುವುದಿಲ್ಲ. ಇದು ಹಳ್ಳಿಗನ ದೋಷ ಮಾತ್ರವಲ್ಲ; ಮನುಷ್ಯಮಾತ್ರದವರ ದೋಷ.

ಎರಡನೆಯ ಕಾರಣವು ಇನ್ನೂ ಆಳವಾದದ್ದು, ಅದು ಭೂಮಿಯಲ್ಲಿದೆ. ಶ್ರೀ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ೧೯೬೧ರ ಭೂಸುಧಾರಣಾ ಶಾಸನಕ್ಕೆ ಮಾಡಿದ ದೊಡ್ಡ ತಿದ್ದುಪಡಿ ೧೯೭೪ನೆಯ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲವೂ ಅಂದಿನಿಂದ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ‘ಏಳನೆಯ ನಮೂನೆ’ಯಲ್ಲಿ ಅರ್ಜಿ ಸಲ್ಲಿಸಿದರೆ ವಿಚಾರಣೆ ನಡೆದು ಅದು ಅವನದಾಗಬಹುದು. ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಲಿಗಳು ಏರ್ಪಟ್ಟುವು. ವಕೀಲರು ಅಲ್ಲಿ ಹಾಜರಾಗತಕ್ಕದ್ದಲ್ಲವೆಂದು ಶಾಸನವೇ ವಿಧಿಸಿತ್ತು. ನಾಡಿನಲ್ಲೆಲ್ಲ ಸುಮಾರು ೮ ಲಕ್ಷ ಅರ್ಜಿಗಳು ಬಂದುವು.

ಈ ಅಂಕಿಯ ಹಿಂದಿರುವ ಬಾಳನ್ನು ನೋಡಬೇಕು. ಅಂದಿನ ಚಿಕ್ಕಮಗಳೂರು ಕ್ಷೇತ್ರಕ್ಕೆ ಘಟ್ಟದ ಕೆಳಗಿನ ದಕ್ಷಿಣ ಕನ್ನಡದ ಒಂದು ಭಾಗವೂ ಸೇರಿತ್ತು. ಗೇಣಿಪದ್ಧತಿ ಬೇರೂರಿದ್ದ ನಾಡು ಅದು. ಮೂಲಗೇಣಿಯವನಿಗೆ ಸ್ವಲ್ಪ ಭದ್ರತೆಯುಂಟು. ಚಾಲಗೇಣಿಯವನನ್ನು ಒಡೆಯನು ಬೇಕಾದಾಗ ಬಿಡಿಸಬಹುದು. ಅಜ್ಜನ ಕಾಲದಿಂದ ಅದೇ ಗದ್ದೆಯನ್ನು ಉತ್ತು, ಅದೇ ಬದುವನ್ನು ಕಟ್ಟಿ, ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಮುಡಿ ಕಟ್ಟಿ ಧಣಿಯ ಮನೆಗೆ ಹೊತ್ತು, ಜಗಲಿಯನ್ನು ಹತ್ತದೆ ಅಂಗಳದಲ್ಲಿ ನಿಂತು, ಅಳತೆ ಮುಗಿಯುವವರೆಗೆ ಕಾದು, ಬರಿಗೈಯಲ್ಲಿ ಹಿಂದಿರುಗಿದವನು ಅವನು. ಮಳೆ ತಪ್ಪಿದ ವರ್ಷವೂ ಗೇಣಿ ತಪ್ಪುತ್ತಿರಲಿಲ್ಲ. ಅಂಥವನು ಒಂದು ದಿನ ತಾಲ್ಲೂಕು ಕಚೇರಿಯಲ್ಲಿ ಅಸಿಸ್ಟೆಂಟ್ ಕಮಿಷನರರ ಎದುರಿಗೆ ನಿಂತು, ಅದೇ ಧಣಿಯು ಕೇಳುತ್ತಿರುವಾಗ, “ಈ ಗದ್ದೆಯನ್ನು ಉಳುತ್ತಿರುವವನು ನಾನು” ಎಂದು ಬಾಯಿಬಿಟ್ಟು ಹೇಳಿದನು. ಹೇಳಿದ್ದನ್ನು ಗುಮಾಸ್ತನು ಬರೆದುಕೊಂಡನು. ಅವನ ವಂಶದಲ್ಲಿ ಅವನ ಮಾತನ್ನು ಸರ್ಕಾರ ಬರೆದುಕೊಂಡದ್ದು ಅದೇ ಮೊದಲು. ಭೂಮಿಯ ಬೆಲೆಯನ್ನು ರೂಪಾಯಿಯಲ್ಲಿ ಹೇಳಬಹುದು. ಆ ಗಳಿಗೆಯ ಬೆಲೆಯನ್ನು ಹೇಳುವುದು ಹೇಗೆ?

ಇದರೊಡನೆ ಬೇರೆ ಸಂಗತಿಗಳೂ ಸೇರಿಕೊಂಡುವು. ೧೯೭೫ರಲ್ಲಿ ಜೀತಪದ್ಧತಿಯ ನಿಷೇಧ ಬಂದಿತು; ಬಡವರ ಸಾಲವನ್ನು ಮನ್ನಾಮಾಡುವ ಶಾಸನವು ರಾಜ್ಯದಲ್ಲಿ ೧೯೭೬ರಲ್ಲಿ ಆಯಿತು; ಹಾವನೂರು ಆಯೋಗದ ವರದಿಯು ಹಿಂದುಳಿದ ವರ್ಗಗಳ ಹೆಸರನ್ನು ಸರ್ಕಾರದ ಕಾಗದದ ಮೇಲೆ ತಂದಿತು. ಇವುಗಳಲ್ಲಿ ಕೆಲವು ತುರ್ತು ಪರಿಸ್ಥಿತಿಯ ಕಾಲದಲ್ಲಿಯೇ ನಡೆದುವೆಂಬುದನ್ನು ಮರೆಯಲಾಗದು. ನಗರದ ವಿದ್ಯಾವಂತನಿಗೆ ಯಾವ ಎರಡು ವರ್ಷಗಳು ಕತ್ತಲೆಯಾಗಿದ್ದುವೋ ಅವೇ ಎರಡು ವರ್ಷಗಳು ಗೇಣಿದಾರನಿಗೆ ಅರ್ಜಿಯ ವಿಚಾರಣೆಯ ವರ್ಷಗಳು. ಒಬ್ಬನ ಪಂಚಾಂಗದ ಅಮಾವಾಸ್ಯೆ ಇನ್ನೊಬ್ಬನ ಪಂಚಾಂಗದ ಯುಗಾದಿಯಾಗಿತ್ತು.

ಹಾಗೆಂದು ಎಲ್ಲರಿಗೂ ಭೂಮಿ ಸಿಕ್ಕಿತೆಂದು ತಿಳಿಯಬಾರದು. ಕಾಫಿ ತೋಟಗಳು ಆ ಶಾಸನದ ಕೈಗೆ ಸಿಕ್ಕಲಿಲ್ಲ, ತೋಟಗಾರಿಕೆಗೆ ವಿನಾಯಿತಿಯಿತ್ತು. ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಹಣ್ಣು ಕೊಯ್ಯುತ್ತಿದ್ದ ಆಳು ಮರುವರ್ಷವೂ ಆಳಾಗಿಯೇ ಇದ್ದನು. ಎಷ್ಟೋ ಅರ್ಜಿಗಳು ತಿರಸ್ಕೃತವಾದುವು. ಗೇಣಿದಾರನೂ ಅಲ್ಲದ ಕೂಲಿಯವನಿಗೆ ಸಿಕ್ಕಿದ್ದು ಅತ್ಯಲ್ಪ. ಏನೂ ಸಿಕ್ಕದವನು ಕೂಡ ಅದೇ ಗುರುತಿಗೆ ಮತವಿತ್ತದ್ದೇಕೆ? ನೆರೆಯವನಿಗೆ ಸಿಕ್ಕಿದ್ದನ್ನು ಕಂಡವನಿಗೆ ತನಗೂ ಒಂದು ದಿನ ಸಿಕ್ಕಬಹುದೆಂಬ ಆಸೆ ಒಂದು. ಸಿಕ್ಕಿದ್ದನ್ನು ಹೊಸಬರು ಬಂದು ಕಿತ್ತುಕೊಂಡಾರೆಂಬ ಭಯ ಇನ್ನೊಂದು. ಆಸೆಯೂ ಭಯವೂ ಒಂದೇ ಕಡೆಗೆ ಎಳೆದಾಗ ಎತ್ತು ಬೇರೆ ದಾರಿ ಹಿಡಿಯುವುದು ಅಪರೂಪ.

ಮೂರನೆಯ ಕಾರಣವು ಆಪಾದನೆ ಮಾಡುವವರನ್ನು ಕುರಿತದ್ದು. ಹಳ್ಳಿಗನು ಮಾತಿನ ಸತ್ಯವನ್ನು ಮಾತ್ರವೇ ನೋಡುವುದಿಲ್ಲ. ಮಾತಾಡುವವನ ಮುಖವನ್ನೂ ನೋಡುತ್ತಾನೆ. ತನ್ನನ್ನು ಅಂಗಳದಲ್ಲಿ ನಿಲ್ಲಿಸಿದವನೇ ಇಂದು ಬಂದು “ಆಕೆ ಸ್ವಾತಂತ್ರ್ಯವನ್ನು ಕಸಿದುಕೊಂಡಳು” ಎಂದರೆ, ತನಗೆ ಯಾವ ಸ್ವಾತಂತ್ರ್ಯವಿತ್ತೆಂದು ಅವನು ಯೋಚಿಸುತ್ತಾನೆ. “ಆಕೆಗೆ ಮತ ಕೊಡುವವರು ಮೂಢರು” ಎಂಬ ಮಾತು ಕಿವಿಗೆ ಬಿದ್ದರಂತೂ ವಾದ ಮುಗಿದಂತೆಯೇ. ಅಲ್ಲಿಂದ ಮುಂದೆ ಮುಖಂಡನ ಮಾನ ಬೇರೆ, ತನ್ನ ಮಾನ ಬೇರೆ ಎಂದು ಅವನಿಗೆ ತೋರುವುದಿಲ್ಲ. ೧೯೭೭ರ ಅಕ್ಟೋಬರ್ ೩ರಂದು ಇಂದಿರಾ ಗಾಂಧಿಯವರನ್ನು ದಸ್ತಗಿರಿ ಮಾಡಿದರು; ಆಧಾರ ಸಾಲದೆಂದು ಮರುದಿನವೇ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದ ಮೇಲೆ, ೧೯೭೮ರ ಡಿಸೆಂಬರ್ ೧೯ರಂದು, ಹಕ್ಕುಚ್ಯುತಿಯ ಕಾರಣವನ್ನು ಹೇಳಿ ಸಭೆಯು ಅವರನ್ನು ಉಚ್ಚಾಟಿಸಿತು. ಅಧಿವೇಶನ ಮುಗಿಯುವವರೆಗೆ ತಿಹಾರ್ ಸೆರೆಮನೆಯಲ್ಲಿರಿಸಿತು. ಆರಿಸಿದ್ದು ಚಿಕ್ಕಮಗಳೂರಿನ ಜನ. ಹೊರದೂಡಿದ್ದು ದಿಲ್ಲಿಯ ಸಭೆ. ಇದರಿಂದ ಯಾರಿಗೆ ಲಾಭವಾಯಿತೆಂಬುದನ್ನು ೧೯೮೦ರ ಜನವರಿ ಹೇಳಿತು. ಅವರ ಪಕ್ಷಕ್ಕೆ ಲೋಕಸಭೆಯಲ್ಲಿ ೩೫೩ ಸ್ಥಾನಗಳು ಬಂದುವು. ಕರ್ನಾಟಕದ ೨೮ರಲ್ಲಿ ೨೭ ಬಂದುವು. ಉಚ್ಚಾಟನೆಯ ನಿರ್ಣಯವನ್ನು ಮುಂದಿನ ಲೋಕಸಭೆಯು ೧೯೮೧ರ ಮೇ ತಿಂಗಳಲ್ಲಿ ರದ್ದುಮಾಡಿತು.

ಇದು ಭಾರತದ ಹಳ್ಳಿಗೆ ಮಾತ್ರ ಸೇರಿದ ಸ್ವಭಾವವೆಂದು ಎಣಿಸುವವರು ಅಮೆರಿಕದ ಬಾಸ್ಟನ್ ಪಟ್ಟಣದ ಕಥೆಯನ್ನು ನೋಡಬಹುದು. ಅಲ್ಲಿ ಜೇಮ್ಸ್ ಮೈಕೆಲ್ ಕರ್ಲಿ ಎಂಬ ಐರಿಷ್ ಮನೆತನದ ಮುಖಂಡನಿದ್ದನು. ಬೇರೊಬ್ಬನಿಗಾಗಿ ಸರ್ಕಾರಿ ನೌಕರಿಯ ಪರೀಕ್ಷೆಗೆ ತಾನೇ ಕುಳಿತು ಬರೆದನೆಂಬ ಅಪರಾಧಕ್ಕಾಗಿ ೧೯೦೪ರಲ್ಲಿ ಅವನಿಗೆ ಸೆರೆವಾಸವಾಯಿತು. ಸೆರೆಯಲ್ಲಿದ್ದಾಗಲೇ ಅವನ ಪೇಟೆಯ ಬಡವರು ಅವನನ್ನು ನಗರಸಭೆಗೆ ಆರಿಸಿದರು. ಅವರ ಕಣ್ಣಿಗೆ ಅದು ಮೋಸವಾಗಿ ಕಾಣಲಿಲ್ಲ; ಕೆಲಸವಿಲ್ಲದ ಗೆಳೆಯನಿಗೆ ಮಾಡಿದ ಉಪಕಾರವಾಗಿ ಕಂಡಿತು. ಐರಿಷರನ್ನು ಕೀಳಾಗಿ ಕಾಣುತ್ತಿದ್ದ ಊರಿನಲ್ಲಿ ಅವರಿಗೆ ಕೆಲಸವನ್ನೂ ಆಸ್ಪತ್ರೆಯನ್ನೂ ಒದಗಿಸಿ ಅವನು ನಾಲ್ಕು ಸಲ ನಗರಾಧ್ಯಕ್ಷನಾದನು. ೧೯೪೫ರಲ್ಲಿ ಗೆದ್ದಾಗ ಅವನ ಮೇಲೆ ವಂಚನೆಯ ಮೊಕದ್ದಮೆ ನಡೆಯುತ್ತಿತ್ತು. ಅಕ್ಷರ ಬಲ್ಲ, ಪತ್ರಿಕೆ ಓದುವ, ದೊಡ್ಡ ವಿದ್ಯಾಪೀಠಗಳ ನೆರಳಿನಲ್ಲಿರುವ ಪಟ್ಟಣದ ಮಾತು ಇದು. ಅಕ್ಷರವು ಬೇರೆ, ಅಭಿಮಾನವು ಬೇರೆ.

ಈ ಸ್ವಭಾವಕ್ಕೆ ಹಳಗನ್ನಡದಲ್ಲಿ ಒಂದು ಹೆಸರೇ ಇದೆ; ಅದು ಜೋಳವಾಳಿ. ಒಡೆಯನ ಜೋಳವನ್ನುಂಡವನು ಆ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬುದು ಆ ಧರ್ಮ. ನಾಡಿನ ಊರೂರಲ್ಲಿಯೂ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಈ ಧರ್ಮಕ್ಕೆ ಸಾಕ್ಷಿಗಳು. ಪಂಪನ ಕರ್ಣನನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೃಷ್ಣನು ಬಂದು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ತೋರಿಸಿದರೂ ಕರ್ಣನು ದುರ್ಯೋಧನನನ್ನು ಬಿಡಲಿಲ್ಲ. ದುರ್ಯೋಧನನು ಧರ್ಮಿಷ್ಠನೆಂದು ಅವನು ನಂಬಿದ್ದನೆ? ಇಲ್ಲ. ಆದರೆ ತುಂಬಿದ ಸಭೆಯಲ್ಲಿ ಕುಲವನ್ನೆತ್ತಿ ಉಳಿದವರು ಹಳಿದಾಗ, ಎದ್ದು ನಿಂತು ಅಂಗರಾಜ್ಯವನ್ನು ಕಟ್ಟಿದವನು ಅವನೊಬ್ಬನೇ. ಹಳಿದವರು ಧರ್ಮಿಷ್ಠರು, ಮನ್ನಿಸಿದವನು ಅಧರ್ಮಿ. ಕರ್ಣನ ಸಂಕಟವೆಲ್ಲ ಈ ಎರಡು ಮಾತುಗಳಲ್ಲಿದೆ. ಚಿಕ್ಕಮಗಳೂರಿನ ಗೇಣಿದಾರನಿಗೆ ಸಂವಿಧಾನವನ್ನು ಬೋಧಿಸಲು ಹೋದವರಿಗೆ ಅವನಲ್ಲಿ ಕರ್ಣನು ಕಾಣಲಿಲ್ಲ, ಮೂಢನೊಬ್ಬನೇ ಕಂಡನು. ಅವರ ಮಾತು ಹಿಡಿಯದೆ ಹೋದದ್ದು ಆಶ್ಚರ್ಯವಲ್ಲ.

ಆದರೆ ಜೋಳವಾಳಿಯನ್ನು ಅರ್ಥಮಾಡಿಕೊಳ್ಳುವುದು ಬೇರೆ, ಅದನ್ನು ಪ್ರಜಾಪ್ರಭುತ್ವದ ಧರ್ಮವೆಂದು ಒಪ್ಪುವುದು ಬೇರೆ. ಅದರಲ್ಲಿ ಎರಡು ಅಪಾಯಗಳುಂಟು.

ಒಂದನೆಯದು, ಋಣವು ತಪ್ಪಿದ ವಿಳಾಸಕ್ಕೆ ಸಲ್ಲಬಹುದು. ಭೂಮಿಯ ಶಾಸನವನ್ನು ಹಟದಿಂದ ನಡೆಸಿದವರು ದೇವರಾಜ ಅರಸರು. ೧೯೭೯ರಲ್ಲಿ ಅವರಿಗೂ ಇಂದಿರಾ ಗಾಂಧಿಯವರಿಗೂ ಬಿರುಕು ಬಂದು ಅರಸರು ಬೇರೆಯಾದರು. ಕೆಲವೇ ತಿಂಗಳಲ್ಲಿ ಬಂದ ೧೯೮೦ರ ಲೋಕಸಭಾ ಚುನಾವಣೆಯಲ್ಲಿ ಅರಸರ ಪಕ್ಷಕ್ಕೆ ಕರ್ನಾಟಕದಲ್ಲಿ ಒಂದು ಸ್ಥಾನವೂ ದೊರೆಯಲಿಲ್ಲ. ಅರ್ಜಿಯನ್ನು ಮುಂದೆ ನಡೆಸಿದ ಕೈ ಹತ್ತಿರದಲ್ಲಿತ್ತು. ಕೃತಜ್ಞತೆಯು ದೂರದ ಹೆಸರಿಗೆ ಹೋಯಿತು. ಉಪಕಾರವು ಕಾನೂನಿನಿಂದ ಬಂದರೂ ಜನರ ಮನಸ್ಸು ಅದಕ್ಕೊಂದು ಮುಖವನ್ನು ಹುಡುಕುತ್ತದೆ. ಮುಖಗಳಲ್ಲಿ ದೊಡ್ಡದಾಗಿ ಕಾಣುವುದನ್ನೇ ಹಿಡಿಯುತ್ತದೆ. ೧೯೮೨ರಲ್ಲಿ ಅರಸರು ತೀರಿಕೊಂಡ ಮೇಲೆ ನಾಡು ಅವರನ್ನು ಮತ್ತೆ ಮತ್ತೆ ನೆನೆಯಿತು. ಆದರೆ ನೆನಪು ಮತಪೆಟ್ಟಿಗೆಗೆ ತಡವಾಗಿ ಬಂದ ಅತಿಥಿ.

ಎರಡನೆಯ ಅಪಾಯವು ಇದಕ್ಕಿಂತ ದೊಡ್ಡದು. ಗೇಣಿದಾರನ ಲೆಕ್ಕದ ಪುಸ್ತಕದಲ್ಲಿ ಭೂಮಿಯ ಜಮೆ ಇತ್ತು. ಸೆರೆಮನೆಯ ಖರ್ಚು ಇರಲಿಲ್ಲ. ನಗರದವನ ಪುಸ್ತಕದಲ್ಲಿ ಸೆರೆಮನೆಯ ಖರ್ಚು ಇತ್ತು. ಭೂಮಿಯ ಜಮೆ ಇರಲಿಲ್ಲ. ಎರಡು ಪುಸ್ತಕಗಳೂ ಅರ್ಧ ಸತ್ಯ. ೧೯೭೬ರ ಏಪ್ರಿಲ್ ೨೮ರಂದು ಸರ್ವೋಚ್ಚ ನ್ಯಾಯಾಲಯವು, ತುರ್ತು ಪರಿಸ್ಥಿತಿ ಇರುವವರೆಗೆ ಬಂಧಿತನು ತನ್ನ ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲನ್ನು ತಟ್ಟುವಂತಿಲ್ಲವೆಂದು ತೀರ್ಮಾನಿಸಿತು. ಐವರಲ್ಲಿ ನ್ಯಾಯಮೂರ್ತಿ ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದರು. ಈ ತೀರ್ಪು ಗದ್ದೆಯ ಬದುವಿಗೆ ಸಂಬಂಧವಿಲ್ಲದ್ದೆಂದು ತೋರಬಹುದು. ಆದರೆ ಸಂಬಂಧ ಬಹಳ ಹತ್ತಿರದ್ದು. ಗೇಣಿದಾರನ ಕೈಯಲ್ಲಿದ್ದ ಹಕ್ಕುಪತ್ರ ಒಂದು ಕಾಗದ. ಆ ಕಾಗದಕ್ಕೆ ಬಲವಿರುವುದು ಕಾನೂನು ಎಲ್ಲರ ಮೇಲೂ, ಮುಖಂಡನ ಮೇಲೂ, ನಡೆಯುವವರೆಗೆ. ಪಂಡಿತನ ಸ್ವಾತಂತ್ರ್ಯವನ್ನು ಒಂದು ರಾತ್ರಿಯಲ್ಲಿ ಅಮಾನತಿನಲ್ಲಿಡಬಹುದಾದರೆ, ರೈತನ ಹಕ್ಕುಪತ್ರವನ್ನು ಇನ್ನೊಂದು ರಾತ್ರಿಯಲ್ಲಿ ಅಮಾನತಿನಲ್ಲಿಡುವುದಕ್ಕೆ ಅಡ್ಡಿಯೇನು? ಕೊಡುವ ಕೈಗೆ ಕಡಿವಾಣವಿಲ್ಲದಿದ್ದರೆ ಕಿತ್ತುಕೊಳ್ಳುವ ಕೈಗೂ ಕಡಿವಾಣವಿಲ್ಲ. ಎರಡೂ ಒಂದೇ ಕೈ.

ಹಾಗಾದರೆ ಈ ನಿಷ್ಠೆ ಕರಗದ ಕಲ್ಲೆ? ಕನ್ನಡನಾಡಿನ ಮುಂದಿನ ಚರಿತ್ರೆ ಅಲ್ಲವೆಂದು ಹೇಳುತ್ತದೆ. ೧೯೮೦ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಚಳುವಳಿಯ ಮೇಲೆ ಗುಂಡು ಹಾರಿತು. ೧೯೮೨ರಲ್ಲಿ ಗೋಕಾಕ್ ವರದಿಗಾಗಿ ಕನ್ನಡದ ಚಳುವಳಿ ಬೀದಿಗಿಳಿಯಿತು. ಅನ್ಯಾಯವು ಈ ಸಲ ರೇಡಿಯೋದ ಮಾತಾಗಿರಲಿಲ್ಲ. ಹೊಲಕ್ಕೆ ಬಂದಿತ್ತು, ಶಾಲೆಗೆ ಬಂದಿತ್ತು. ಮೇಲಾಗಿ ಎದುರಿಗೆ ನಿಂತವರಲ್ಲಿ ಅರಸರ ಹಳೆಯ ಬಳಗದವರೂ ಇದ್ದುದರಿಂದ, ಭೂಮಿ ಹೋದೀತೆಂಬ ಭಯ ತಗ್ಗಿತ್ತು. ೧೯೮೩ರ ಜನವರಿಯಲ್ಲಿ ಕರ್ನಾಟಕದ ಮತದಾರನು ಕಾಂಗ್ರೆಸ್ಸನ್ನು ಮೊದಲ ಬಾರಿಗೆ ರಾಜ್ಯದ ಅಧಿಕಾರದಿಂದ ಇಳಿಸಿದನು. ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದರು. ಷಾ ಆಯೋಗದ ಮೂರು ವರದಿಗಳಿಂದ ಆಗದ ಕೆಲಸವು ಮನೆಯಂಗಳದ ಅನುಭವದಿಂದ ಆಯಿತು.

ಇದಕ್ಕಿಂತಲೂ ಗಮನಾರ್ಹವಾದದ್ದು ಮುಂದಿನ ಸಂಗತಿ. ೧೯೮೪ರ ಅಕ್ಟೋಬರ್ ೩೧ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕವು ೨೮ರಲ್ಲಿ ೨೪ ಸ್ಥಾನಗಳನ್ನು ಅವರ ಪಕ್ಷಕ್ಕೆ ಕೊಟ್ಟಿತು. ಮೂರು ತಿಂಗಳೂ ಕಳೆಯದೆ, ೧೯೮೫ರ ಮಾರ್ಚಿಯ ವಿಧಾನಸಭಾ ಚುನಾವಣೆಯಲ್ಲಿ ಅದೇ ಮತದಾರರು ೧೩೯ ಸ್ಥಾನಗಳನ್ನು ಹೆಗಡೆಯವರ ಜನತಾ ಪಕ್ಷಕ್ಕೆ ಕೊಟ್ಟರು. ಒಂದು ಮತದಿಂದ ಹಳೆಯ ಋಣವನ್ನು ತೀರಿಸಿದರು; ಇನ್ನೊಂದು ಮತದಿಂದ ಊರಿನ ಆಡಳಿತವನ್ನು ಆರಿಸಿಕೊಂಡರು. ಯಾವ ಜನಕ್ಕೆ ಬುದ್ಧಿಯಿಲ್ಲವೆಂದು ವಾಚನಾಲಯದಲ್ಲಿ ನಿಟ್ಟುಸಿರು ಬಿಡಲಾಗಿತ್ತೋ ಆ ಜನ ಎರಡು ಲೆಕ್ಕಗಳನ್ನು ಬೇರೆ ಬೇರೆ ಬರೆದಿಡಬಲ್ಲವರಾಗಿದ್ದರು.

ಈ ನಿದರ್ಶನದಿಂದ ಮುಖಂಡನ ವಿರೋಧಿಗಳು ಕಲಿಯಬೇಕಾದ ಪಾಠವೊಂದುಂಟು. ದೋಷಾರೋಪಣೆಯಿಂದ ಮಾತ್ರ ನಿಷ್ಠೆ ಕದಲುವುದಿಲ್ಲ. ‘ಅವನನ್ನು ಬಿಡು’ ಎನ್ನುವವನು, ‘ಬಿಟ್ಟರೆ ನಿನಗೆ ಸಿಕ್ಕಿದ್ದು ಹೋಗುವುದಿಲ್ಲ, ಅದಕ್ಕೆ ನಾನು ಹೊಣೆ’ ಎಂದು ನಂಬುವಂತೆ ಹೇಳಬಲ್ಲವನಾಗಿರಬೇಕು. ಅದಕ್ಕೆ ಮಾತಿನ ಮಟ್ಟಿಗಿನ ಕರುಣೆ ಸಾಲದು; ಹಿಂದೆ ಅಂಗಳದಲ್ಲಿ ನಿಲ್ಲಿಸಿದ್ದವನನ್ನು ಜಗಲಿಗೆ ಕರೆದಿರಬೇಕು. ಹೆಗಡೆಯವರ ಕಾಲದಲ್ಲಿ ೧೯೮೩ರ ಶಾಸನದಿಂದ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ರೂಪುಗೊಂಡುವು. ಹಳ್ಳಿಹಳ್ಳಿಗೆ ಕೊಳವೆಬಾವಿಗಳನ್ನು ಕೊರೆಯಿಸಿದ ಮಂತ್ರಿ ಅಬ್ದುಲ್ ನಜೀರ್ ಸಾಬರನ್ನು ಜನರು ‘ನೀರ್ ಸಾಬ್’ ಎಂದೇ ಕರೆದರು. ನೀರು ಕೊಟ್ಟವನಿಗೆ ಜನರು ಹೆಸರು ಕೊಟ್ಟರು. ಬೈಗುಳದಿಂದ ದೊರೆಯದ ವಿಶ್ವಾಸ ಹೀಗೆ ದೊರೆಯಿತು.

ಮತದಾರನು ಕಲಿಯಬೇಕಾದ ಪಾಠವೂ ಒಂದುಂಟು. ಅದನ್ನು ಅವನಿಗೆ ಹೇಳಬೇಕಾದವರು ಅವನ ಕೃತಜ್ಞತೆಯನ್ನು ಗೌರವಿಸಿದ ಮೇಲೆಯೇ ಹೇಳಬೇಕು. ಕೃತಜ್ಞತೆಯಿಲ್ಲದ ಜನರಿಂದ ಯಾವ ರಾಜ್ಯವೂ ನಿಲ್ಲದು. ಆದರೆ ಜೋಳವಾಳಿಯ ಕಾಲದಲ್ಲಿ ಜೋಳ ಒಡೆಯನದಾಗಿತ್ತು, ಉಂಡವನು ಆಳಾಗಿದ್ದನು. ಪ್ರಜಾಪ್ರಭುತ್ವದಲ್ಲಿ ಜೋಳವನ್ನು ಬೆಳೆದವನು ಮತದಾರನೇ. ಕಂದಾಯವನ್ನು ಕೊಟ್ಟವನು ಅವನೇ. ಆ ಕಣಜದಿಂದ ಉಣ್ಣುತ್ತಿರುವವನು ಮುಖಂಡನು. ಹಾಗಿರುವಲ್ಲಿ ಋಣದ ಭಾರ ಯಾರ ಮೇಲಿದೆ? ೧೯೭೪ರಲ್ಲಿ ಗೇಣಿದಾರನಿಗೆ ದೊರೆತದ್ದು ದಾನವಲ್ಲ. ತಲೆಮಾರುಗಳ ಬೆವರಿಗೆ ತಡವಾಗಿ ಬಂದ ಸಂಬಳ. ಸಂಬಳ ಕೊಟ್ಟವನಿಗೆ ವಂದಿಸುವುದು ಸೌಜನ್ಯ. ಆದರೆ ಅವನು ಬೇರೆಯವರ ಮನೆಗೆ ಬೀಗ ಹಾಕುವಾಗ ಸುಮ್ಮನಿರುವುದಾಗಿ ಮಾತುಕೊಡುವುದು ಸೌಜನ್ಯವಲ್ಲ. ಹಕ್ಕಾಗಿ ಬರಬೇಕಾದದ್ದು ಕೃಪೆಯಾಗಿ ಬಂದಲ್ಲೆಲ್ಲ ಪ್ರಜೆಯು ಭಕ್ತನಾಗುತ್ತಾನೆ. ಅದು ಹಕ್ಕಾಗಿಯೇ, ಸದ್ದಿಲ್ಲದೆ, ಯಾರ ಭಾವಚಿತ್ರವೂ ಇಲ್ಲದೆ ಬರುವಂತಾದ ದಿನ, ಮುಖಂಡನನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ಮತದಾರನ ನಾಲಗೆ ಒಂದೇ ಸಮನಾಗಿ ಸ್ವತಂತ್ರವಾಗಿರುತ್ತದೆ.